ಯಾರ ತೂಬಿಗೆ

ಮಾರ್ಚ್ ೪, ಬುಧವಾರ

ಅಣ್ಣನ ಹೊಂಡದ ಏರಿಯ ಮೇಲೆ ಇವತ್ತು ಕೊಕ್ಕರೆಗಳ ಸಭೆ. ಒಂದೆರಡಲ್ಲ, ಉದ್ದಕ್ಕೂ ಸಾಲು. ಸೀಗಡಿ ಸೋತು ದಡಕ್ಕೆ ಬಂದರೆ ಮೊದಲು ಸುದ್ದಿ ಮುಟ್ಟುವುದು ಕೊಕ್ಕರೆಗೆ. ಅಣ್ಣ ಮಾತ್ರ ಏನೂ ಕಾಣದವನ ಹಾಗೆ ಬನಿಯನ್ ಹಾಕಿಕೊಂಡು, ಹಲ್ಲುಜ್ಜುತ್ತ ಅವುಗಳ ನಡುವೆಯೇ ನಿಂತಿದ್ದ. ಬಾಯಿ ತುಂಬ ನೊರೆ. ನೊರೆ ಇಲ್ಲದಿದ್ದರೂ ನನ್ನ ಜೊತೆ ಮಾತಾಡುವವನಲ್ಲ, ಆ ವಿಷಯ ಬೇರೆ.

ಅಪ್ಪ ಇದ್ದಾಗ ಇದೆಲ್ಲ ಒಂದೇ ಹೊಂಡ. ಅಪ್ಪನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಅಣ್ಣ ಜೆಸಿಬಿ ತರಿಸಿ ನಡುವೆ ಏರಿ ಹಾಕಿಸಿದ. ನನ್ನ ಕಣ್ಣು ಇನ್ನೂ ಒಣಗಿರಲಿಲ್ಲ. "ನಿಂದು ನಿನಗೆ, ನಂದು ನನಗೆ, ಆಮೇಲೆ ಜಗಳ ಬೇಡ" ಎಂದ. ಜಗಳ ಬೇಡವಂತೆ! ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಏನಾದರೂ ಹೇಳಲೇಬೇಕಾದರೆ ನಡುವೆ ಅತ್ತಿಗೆ ನಿಲ್ಲುತ್ತಾಳೆ, ಪಾಪ, ಅಂಚೆಯವನ ಹಾಗೆ.

ಮೇಲೆ ಅವನ ಹೊಂಡ, ನಡುವೆ ನನ್ನದು, ಕೆಳಗೆ ನರ್ಸಮ್ಮನದು. ಮೂವರಿಗೂ ಒಂದೇ ಕಾಲುವೆ. ಒಬ್ಬರು ಹೊರಗೆ ಬಿಟ್ಟ ನೀರನ್ನೇ ಇನ್ನೊಬ್ಬರು ತೂಬು ಎತ್ತಿ ಒಳಗೆ ಬಿಟ್ಟುಕೊಳ್ಳಬೇಕು. ಸಮುದ್ರ ಉಬ್ಬಿದಾಗ ಕೆಳಗಿನ ನೀರು ಮೇಲಕ್ಕೂ ಹೋಗುತ್ತದೆ. ಅದಕ್ಕೇ ಅಪ್ಪ ಕಾಲುವೆಯ ಎಲ್ಲ ಹೊಂಡದವರಿಗೂ ಒಂದು ನಿಯಮ ಮಾಡಿದ್ದ. ಯಾರ ಹೊಂಡಕ್ಕೆ ಬಿಳಿಚುಕ್ಕೆ ರೋಗ ಬಂತೋ ಅವರೇ ತಮ್ಮ ತೂಬಿಗೆ ಕೆಂಪು ಬಟ್ಟೆ ಕಟ್ಟಬೇಕು. ಆ ಬಟ್ಟೆ ಇಳಿಯುವವರೆಗೆ ಅವರು ಒಂದು ಚೊಂಬು ನೀರನ್ನೂ ಹೊರಗೆ ಬಿಡುವಂತಿಲ್ಲ, ಉಳಿದವರು ಒಳಗೆ ತೆಗೆದುಕೊಳ್ಳುವಂತಿಲ್ಲ. ಒಂದು ವರ್ಷ ಅಪ್ಪನೇ ಹೆಗಲ ಮೇಲಿದ್ದ ಕೆಂಪು ಟವಲು ತೆಗೆದು ಕಟ್ಟಿದ್ದ. ಆ ಟವಲು ಈಗ ನನ್ನ ಹತ್ತಿರ ಇದೆ.

ಅಣ್ಣನ ತೂಬು ಬೋಳು. ನಾಚಿಕೆಗೆಟ್ಟವನು.

ಮಾರ್ಚ್ ೫, ಗುರುವಾರ

ನನ್ನವು ಚೆನ್ನಾಗಿವೆ. ರಕ್ತ ನೋಡಿದೆ.

ಸೀಗಡಿಗೂ ರಕ್ತ ಇರುತ್ತದಾ ಎಂದು ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇರುತ್ತದೆ, ಕೆಂಪಲ್ಲ ಅಷ್ಟೆ. ಮರಿ ಮಾಡುವ ಕಂಪನಿಯ ಲ್ಯಾಬಿನಲ್ಲಿ ನನ್ನ ವಯಸ್ಸೆಲ್ಲ ಅದನ್ನು ನೋಡುವುದರಲ್ಲೇ ಹೋಯಿತು. ತಲೆಚಿಪ್ಪು ಮುಗಿದು ಮೈ ಶುರುವಾಗುವ ಸಂದಿಗೆ ಸಣ್ಣ ಸೂಜಿ ಇಳಿಸಿದರೆ ಒಂದೆರಡು ಹನಿ ಬರುತ್ತದೆ. ತಿಳಿಯಾಗಿರುತ್ತದೆ, ಗಾಳಿ ತಾಗಿದ ಮೇಲೆ ಒಂಚೂರು ನೀಲಿ. ಅದನ್ನು ಗಾಜಿನ ಮೇಲೆ ಬಿಟ್ಟು, ಸ್ವಲ್ಪ ಕಾದು, ಗಾಜು ಓರೆ ಮಾಡಬೇಕು. ಒಳ್ಳೆಯ ರಕ್ತ ಅಷ್ಟರಲ್ಲಿ ಗೋಂದಿನ ಹಾಗೆ ಗಟ್ಟಿಯಾಗಿ ಅಂಟಿ ಕೂತಿರುತ್ತದೆ. ವೈರಸ್ ಹೊಕ್ಕ ರಕ್ತ ನೀರಿನ ಹಾಗೆ ಜಾರಿ ಹೋಗುತ್ತದೆ. ರಕ್ತದಲ್ಲಿ ಕಣಗಳಿವೆಯಲ್ಲ, ಗಾಯ ಮುಚ್ಚುವುದೂ ಅವೇ, ರೋಗದ ಜೊತೆ ಹೊಡೆದಾಡುವುದೂ ಅವೇ. ಈ ಹಾಳು ವೈರಸ್ ಅವನ್ನೇ ಮುಗಿಸುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂತೆ ಎದ್ದ ಬಯಲು, ಅಲ್ಲೊಂದು ಇಲ್ಲೊಂದು ಕಣ. ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಾಣುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನೀರಿಗೆ ಇಳಿಬಿಟ್ಟಿದ್ದ ಮೇವಿನ ತಟ್ಟೆ ಎತ್ತಿ ಅದರಲ್ಲಿ ತಿನ್ನುತ್ತಿದ್ದವುಗಳ ರಕ್ತ ತೆಗೆದೆ. ಮೂಗು ತುರಿಸಿಕೊಳ್ಳುವಷ್ಟರಲ್ಲಿ ಎಲ್ಲವೂ ಗಟ್ಟಿ. ಸಂತೋಷಕ್ಕೆ ತೂಬು ಎತ್ತಿ ಹಳೆಯ ನೀರು ಹೊರಗೆ ಬಿಟ್ಟೆ. ಒಳಗೆ ಬಿಟ್ಟುಕೊಂಡದ್ದು ಬೋರ್‌ವೆಲ್ ನೀರು. ಅಣ್ಣನ ಕೊಳಕು ನನಗೆ ಬೇಡ.

ಮಾರ್ಚ್ ೭, ಶನಿವಾರ

ಕಟ್ಟಿಬಂದೆ. ಅಪ್ಪನ ಟವಲನ್ನು ಅಣ್ಣನ ತೂಬಿಗೆ ನಾನೇ ಕಟ್ಟಿಬಂದೆ.

ಕೊಕ್ಕರೆಗಳು ಮೂರು ದಿನದಿಂದ ಅಲ್ಲೇ ಠಿಕಾಣಿ ಹಾಕಿದ್ದರೂ ಅವನು ಅಲ್ಲಾಡಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಗಂಟು ಹಾಕುತ್ತಿರುವಾಗ ಅತ್ತಿಗೆ ಒದ್ದೆ ಕೈಯಲ್ಲೇ ಓಡಿಬಂದಳು.

"ಏನಮ್ಮಾ ಇದು? ಹೀಗೆಲ್ಲ ಮಾಡ್ತಾರಾ?"

"ನಿನ್ನ ಗಂಡ ಕಟ್ಟಲ್ಲ, ಅದಕ್ಕೇ ನಾನು ಕಟ್ತಿದ್ದೀನಿ ಅತ್ತಿಗೆ."

ಅಷ್ಟರಲ್ಲಿ ಅವನೂ ಬಂದ. ನನ್ನ ಮುಖ ನೋಡಲಿಲ್ಲ. ಹೆಂಡತಿಗೆ ಹೇಳಿದ, "ಪೊರೆ ಬಿಡ್ತಿವೆ ಅಷ್ಟೆ, ಏನಾಗಿಲ್ಲ ಅಂತ ಹೇಳು ಅವಳಿಗೆ."

"ಪೊರೆ ಬಿಡ್ತಿವೆಯಂತೆ ಕಣೇ," ಎಂದಳು ಅತ್ತಿಗೆ, ನಾನು ಕೈಗೆಟುಕುವ ದೂರದಲ್ಲಿ ನಿಂತಿರುವಾಗ.

"ನಂಗೇನು ಕಿವುಡಾ? ಪೊರೆ ಬಿಡೋದಕ್ಕೆ ಇಷ್ಟೊಂದು ಕೊಕ್ಕರೆ ಯಾಕೆ ಅಂತ ಕೇಳು."

"ಪೊರೆ ಬಿಟ್ಟಾಗ ಮೈ ಮೆತ್ತಗಿರುತ್ತೆ, ದಡ ಹಿಡೀತವೆ, ಹಕ್ಕಿಗಳಿಗೆ ಸುಲಭದ ಊಟ ಅಂತ ಹೇಳು. ಇಷ್ಟು ವರ್ಷ ಲ್ಯಾಬಲ್ಲಿ ಇದ್ದೋಳಿಗೆ ಇದೂ ಗೊತ್ತಿಲ್ವಾ ಅಂತಾನೂ ಕೇಳು."

"ಗೊತ್ತಿದೆ ಅಂತಲೇ ಬಂದಿರೋದು. ಒಂದು ಸೀಗಡಿ ಕೊಡೋಕೆ ಹೇಳು. ರಕ್ತ ನೋಡಿ ಇಲ್ಲೇ ಹೇಳ್ತೀನಿ."

ಅತ್ತಿಗೆಯ ಕತ್ತು ಅತ್ತಿಂದಿತ್ತ ತಿರುಗಿ ತಿರುಗಿ ಸಾಕಾಗಿತ್ತು. ಅಣ್ಣನ ಕಿವಿ ಕೆಂಪಾದವು. "ಅಪ್ಪನ ಟವಲ್ ತಂದು ನನ್ನ ತೂಬಿಗೆ ಕಟ್ಟಿದವಳ ಕೈಗೆ ಒಂದು ಸೀಗಡಿ ಮೀಸೇನೂ ಕೊಡಲ್ಲ," ಎಂದ. ಗಂಟು ಬಿಚ್ಚಿದ. ಟವಲನ್ನು ಕೊಡವಿ, ಮಡಚಿ, ಹೆಗಲಿಗೆ ಹಾಕಿಕೊಂಡು ಮನೆಯೊಳಗೆ ಹೋದ. ಥೇಟ್ ಅಪ್ಪನ ಹಾಗೆಯೇ ಹಾಕಿಕೊಂಡ, ಅದೇ ಹೆಗಲು. ಎಷ್ಟು ಸೊಕ್ಕು!

ಪೊರೆ ಬಿಡುತ್ತಿವೆಯಂತೆ. ರೋಗ ಮುಚ್ಚಿಡುವವರೆಲ್ಲ ಮೊದಲು ಹೇಳುವ ಸುಳ್ಳು ಅದೇ. ಲ್ಯಾಬಿನಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆ!

ಮಾರ್ಚ್ ೮, ಭಾನುವಾರ

ಕಾಲುವೆಯುದ್ದಕ್ಕೂ ಸುದ್ದಿ. ಸೀಗಡಿ ಕೊಳ್ಳುವ ವ್ಯಾಪಾರಿ, ಎಲ್ಲರೂ ಮೀಸೆ ಎಂದು ಕರೆಯುವವನು, ಫೋನ್ ಮಾಡಿ, ಅಣ್ಣನ ಹೊಂಡದ ಕಡೆ ಈ ಸಲ ತಲೆ ಹಾಕಿಯೂ ಮಲಗುವುದಿಲ್ಲ ಎಂದ. ಒಳ್ಳೆಯದೇ ಆಯಿತು. ನರ್ಸಮ್ಮ ಮಾತ್ರ ಹೆದರಿಕೊಂಡು ಬಂದಿದ್ದಳು. ಆಸ್ಪತ್ರೆಯಿಂದ ನಿವೃತ್ತಿಯಾದ ಮೇಲೆ ಕೆಳಗಿನ ಹೊಂಡ ಕೊಂಡವಳು. ಇದು ಅವಳ ಮೊದಲ ಬೆಳೆ. ಸೀಗಡಿಗಳನ್ನು 'ಪೇಷೆಂಟ್‌ಗಳು' ಎನ್ನುತ್ತಾಳೆ.

"ನನ್ನ ಕೈಯಲ್ಲಿ ಎಂಥೆಂಥ ಮನುಷ್ಯರೇ ಬದುಕಿದ್ದಾರೆ, ಈ ಪೇಷೆಂಟ್‌ಗಳು ಬದುಕಲ್ವಾ ಅಕ್ಕ?" ಎಂದಳು. ನನಗಿಂತ ದೊಡ್ಡವಳು, ಆದರೂ ಅಕ್ಕ ಎನ್ನುತ್ತಾಳೆ. "ನೀವು ಹೂಂ ಅಂದ್ರೆ ತೂಬು ಎತ್ತೋದು, ಇಲ್ಲಾಂದ್ರೆ ಇಲ್ಲ. ನಂಗೆ ನೀವೇ ಡಾಕ್ಟ್ರು."

ಸದ್ಯಕ್ಕೆ ಎತ್ತಬೇಡ ಎಂದೆ. ಮೇಲಿನ ಹೊಂಡದವನ ಬುದ್ಧಿ ನೆಟ್ಟಗಿಲ್ಲ ಎಂದೂ ಹೇಳಿದೆ.

ಮಾರ್ಚ್ ೧೦, ಮಂಗಳವಾರ

ಮೇವಿನ ತಟ್ಟೆಯಲ್ಲಿ ಸ್ವಲ್ಪ ಮೇವು ಹಾಗೇ ಉಳಿದಿತ್ತು. ಈ ಸಲದ ಮೂಟೆಯೇ ಸರಿಯಿಲ್ಲ. ಮುಗ್ಗಲು ವಾಸನೆ. ಅಂಗಡಿಯವನಿಗೆ ಫೋನ್ ಮಾಡಿ ಬೈದೆ. "ಎಲ್ಲರಿಗೂ ಅದೇ ಮೂಟೆ ಕೊಟ್ಟಿರೋದಮ್ಮಾ" ಎಂದ. ಎಲ್ಲರಿಗೂ ಹಾಳು ಮೂಟೆ ಕೊಟ್ಟಿದ್ದನ್ನು ಹೆಮ್ಮೆಯಿಂದ ಹೇಳುತ್ತಾನೆ!

ತಟ್ಟೆಯಲ್ಲಿದ್ದವುಗಳ ರಕ್ತ ನೋಡಿದೆ. ಗಟ್ಟಿ. ಇನ್ನೇನು ಬೇಕು?

ಮಾರ್ಚ್ ೧೧, ಬುಧವಾರ

ನನ್ನ ಏರಿಯ ಮೇಲೆ ಒಂದಿಷ್ಟು ಕೊಕ್ಕರೆ. ಅಣ್ಣನ ಕಡೆಯಿಂದ ದಾರಿ ತಪ್ಪಿ ಬಂದವು. ಕಲ್ಲೆಸೆದು ಓಡಿಸಿದೆ.

ಮಾರ್ಚ್ ೧೨, ಗುರುವಾರ

ದಡದ ಹುಲ್ಲಿನ ಹತ್ತಿರ ಕೆಲವು ಸೀಗಡಿ ಸುಮ್ಮನೆ ಬಿದ್ದುಕೊಂಡಿದ್ದವು. ಕೈ ಹಾಕಿದರೂ ಚಿಮ್ಮಲಿಲ್ಲ. ಪೊರೆ ಬಿಡುತ್ತಿರಬೇಕು. ಬಿಸಿಲು ಜೋರಾದಾಗ ಹೀಗಾಗುತ್ತದೆ. ತಟ್ಟೆಯಲ್ಲಿದ್ದವನ್ನು ನೋಡಿದೆ, ರಕ್ತ ಗಟ್ಟಿಯೇ ಇದೆ. ಕಡಿಮೆ ಸೀಗಡಿ ಬಂದಿದ್ದವು, ಅಷ್ಟೆ.

ಅತ್ತಿಗೆ ಏರಿಯಾಚೆಯಿಂದ ಕೂಗಿ ಕೇಳಿದಳು, "ನಿನ್ನ ಕಡೆನೂ ಹಕ್ಕಿ ಬಂದಿವೆಯಲ್ಲ, ಎಲ್ಲ ಸರಿ ಇದೆಯಾ ಅಂತ ನಿಮ್ಮಣ್ಣ ಕೇಳ್ತಿದ್ದಾರೆ."

"ಪೊರೆ ಬಿಡ್ತಿವೆ ಅಷ್ಟೆ, ಅವನ ಕೆಲಸ ಅವನು ನೋಡ್ಕೊಳ್ಳಕ್ಕೆ ಹೇಳು," ಎಂದೆ. ವಿಚಾರಿಸುವುದಕ್ಕೆ ಬಂದುಬಿಟ್ಟ, ದೊಡ್ಡ ಮನುಷ್ಯ.

ಮಾರ್ಚ್ ೧೩, ಶುಕ್ರವಾರ

ಇವತ್ತು ನರ್ಸಮ್ಮನ ಮೇಲೂ ರೇಗಿದೆ. ಬರೆಯುವುದಕ್ಕೂ ಬೇಜಾರು. ಆದರೂ ಬರೆಯುತ್ತೇನೆ.

ಬೆಳಗ್ಗೆ ನಾನು ರಕ್ತ ತೆಗೆಯುವುದನ್ನು ನೋಡಬೇಕೆಂದು ಬಂದಿದ್ದಳು. ನನಗಿಂತ ಚೆನ್ನಾಗಿ ಸೂಜಿ ಹಿಡಿಯುತ್ತಾಳೆ, ಅದನ್ನು ಒಪ್ಪಬೇಕು. ತಟ್ಟೆ ಎತ್ತಿದೆ, ಸೀಗಡಿ ಹಿಡಿದೆ, ಹನಿ ಬಿಟ್ಟೆ, ಗಾಜು ಓರೆ ಮಾಡಿದೆ, ಗಟ್ಟಿ. ಅವಳು ಗಾಜನ್ನು ಬಿಸಿಲಿಗೆ ಹಿಡಿದು ನೋಡಿ ಖುಷಿಪಟ್ಟಳು. ಆಮೇಲೆ ಹುಲ್ಲಿನ ಹತ್ತಿರ ಬಿದ್ದಿದ್ದವುಗಳನ್ನು ನೋಡಿ ಕೇಳಿದಳು.

"ಅಕ್ಕ, ಇವುಗಳದ್ದು ತೆಗೆಯಲ್ವಾ?"

"ಅವು ಪೊರೆ ಬಿಡ್ತಿವೆ. ಆವಾಗ ರಕ್ತ ಸ್ವಲ್ಪ ತೆಳು ಇರುತ್ತೆ, ಲೆಕ್ಕಕ್ಕಿಲ್ಲ."

"ಅಲ್ಲ, ತಟ್ಟೆಗೆ ಬಂದು ತಿನ್ನೋವು ಗಟ್ಟಿಮುಟ್ಟಾಗಿದ್ದಾವೆ ಅಂತ್ಲೇ ಬರ್ತಾವಲ್ಲ?" ಎಂದು ನಕ್ಕಳು. "ನಮ್ಮ ಆಸ್ಪತ್ರೆಲಿ ಹೀಗೆ ಮಾಡಿದ್ರೆ, ಕ್ಯಾಂಟೀನಿಗೆ ನಡ್ಕೊಂಡು ಬಂದವರ ರಕ್ತ ನೋಡಿ, ವಾರ್ಡಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ ಅಂತ ಬರೆದ ಹಾಗಾಗುತ್ತೆ!"

ತಮಾಷೆಗೆ ಹೇಳಿದಳು. ಅದರಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ನಾನು ಮಾತ್ರ ಕೆಂಡವಾದೆ. ಮೊದಲ ಬೆಳೆ ತೆಗೆದು ಆಮೇಲೆ ನನಗೆ ಪಾಠ ಹೇಳು ಎಂದೆ. ಪಾಪ, ಮುಖ ಚಿಕ್ಕದು ಮಾಡಿಕೊಂಡು ಹೋದಳು.

ಕ್ಯಾಂಟೀನಂತೆ.

ಮಾರ್ಚ್ ೧೪, ಶನಿವಾರ

ದಡದಲ್ಲಿದ್ದವನ್ನು ಹಿಡಿದು ತಂದೆ. ಹನಿ ಬಿಟ್ಟೆ. ಕಾದೆ. ಇನ್ನಷ್ಟು ಕಾದೆ. ಓರೆ ಮಾಡಿದೆ. ಗಾಜಿನ ಅಂಚಿನಿಂದ ಜಾರಿ ನನ್ನ ಬೆರಳ ಮೇಲೆ ಬಿತ್ತು.

ಸಿರಿಂಜಿನಲ್ಲಿ ನೀರು ಉಳಿದಿರಬೇಕು ಅಂದುಕೊಂಡು ಹೊಸ ಸಿರಿಂಜ್ ತೆಗೆದೆ. ಜಾರಿತು. ಗಾಜು ತೊಳೆದು ಒರೆಸಿದೆ. ಜಾರಿತು. ಬೇರೆ ಸೀಗಡಿ, ಬೇರೆ ಮೂಲೆ. ಜಾರಿತು. ಸೂಜಿ ಚುಚ್ಚಿದ ಜಾಗ ಮುಚ್ಚಿಕೊಳ್ಳುತ್ತಲೂ ಇಲ್ಲ, ಜಿನುಗುತ್ತಲೇ ಇದೆ. ತಲೆಚಿಪ್ಪು ಎತ್ತಿ ಬೆಳಕಿಗೆ ಹಿಡಿದೆ. ಒಳಮೈಯಲ್ಲಿ ಸುಣ್ಣ ಚಿಮುಕಿಸಿದ ಹಾಗೆ ಚುಕ್ಕೆ. ಗಾಜನ್ನು ಗೋಡೆಗೆ ಎಸೆದೆ.

ಯಾವಾಗ ಬಂತು? ಹೇಗೆ ಬಂತು? ಏಡಿ ತಂದಿರಬೇಕು. ಇಲ್ಲ ಕೊಕ್ಕರೆ. ಇಲ್ಲ ಮರಿಯಲ್ಲೇ ಇತ್ತು. ಅಣ್ಣನಿಂದ ಬಂತು ಎಂದು ಬರೆಯಲು ಕೂತೆ, ಆದರೆ ಅವನ ನೀರನ್ನು ನಾನು ಒಳಗೆ ಬಿಟ್ಟುಕೊಂಡೇ ಇಲ್ಲವಲ್ಲ. ಬಿಟ್ಟುಕೊಂಡಿದ್ದರೆ ಚೆನ್ನಾಗಿತ್ತು, ಬೈಯುವುದಕ್ಕಾದರೂ ಆಗುತ್ತಿತ್ತು. ಹೋದ ವಾರ ನಾನು ಹೊರಗೆ ಬಿಟ್ಟ ನೀರು ಎಲ್ಲೆಲ್ಲಿಗೆ ಹೋಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮೀಸೆಗೆ ಫೋನ್ ಮಾಡಿದೆ. ಅವನಿಗೆ ಹೇಳಿದ್ದು 'ಸ್ವಲ್ಪ ಬೇಗ ಹಿಡಿಯೋಣ' ಎಂದಷ್ಟೇ. ಮಿಕ್ಕಿದ್ದೆಲ್ಲ ಅವನಿಗೇ ಅರ್ಥವಾಯಿತು.

"ಅದಕ್ಕ್ಯಾಕೆ ತಲೆ ಕೆಡಿಸ್ಕೋತೀರಮ್ಮಾ? ಇದು ಮನುಷ್ಯರಿಗೆ ಅಂಟೋ ಕಾಯಿಲೆ ಅಲ್ಲ. ಬೆಳಗ್ಗೆ ನೀರಿಳಿಯೋ ಹೊತ್ತಿಗೆ ತೂಬಿಗೆ ಬಲೆಚೀಲ ಕಟ್ಟಿ ಪೂರ್ತಿ ಎತ್ತಿಬಿಡಿ. ನೀರಿನ ಜೊತೆ ಎಲ್ಲಾ ತಾವೇ ಬಂದು ಚೀಲಕ್ಕೆ ಬೀಳ್ತವೆ. ಯಾರಿಗೂ ಗೊತ್ತಾಗಲ್ಲ."

"ನೀರು ಕಾಲುವೆಗೆ ಹೋಗುತ್ತಲ್ಲ?"

"ನೀರು ಇರೋದೇ ಹೋಗೋದಕ್ಕೆ. ಟವಲ್ ಕಟ್ಟಿ ಕೂತ್ರೆ ಕೈಬಲೆ ಹಾಕಿ ಎಷ್ಟು ಹಿಡೀತೀರಿ? ಮಿಕ್ಕಿದ್ದೆಲ್ಲ ಅಲ್ಲೇ ಕೊಳೀತವೆ."

ಅವನು ಹೇಳುವುದರಲ್ಲೂ ಅರ್ಥವಿದೆ. ಇಡೀ ಬೆಳೆ. ನಾನು ಒಬ್ಬಳೇ ನಿಂತು ಬೆಳೆಸಿದ್ದು, ಯಾರೂ ಬಂದು ಒಂದು ಬುಟ್ಟಿ ಮೇವು ಹೊತ್ತವರಲ್ಲ. ಎಲ್ಲರೂ ತಮ್ಮ ತಮ್ಮದು ನೋಡಿಕೊಳ್ಳುವಾಗ ನಾನೊಬ್ಬಳೇ ಯಾಕೆ ನಿಯಮ ಹಿಡಿದುಕೊಂಡು ಸಾಯಬೇಕು? ನಿನ್ನದು ನಿನಗೆ, ನನ್ನದು ನನಗೆ. ಬೆಳಗ್ಗೆ ಬಲೆಚೀಲ ತರಲು ಮೀಸೆಗೆ ಹೇಳಿದ್ದೇನೆ.

ಮಾರ್ಚ್ ೧೫, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ, ಕೋಪ ಆರುವ ಮೊದಲು.

ಬೆಳಕು ಹರಿಯುವಾಗಲೇ ತೂಬಿನ ಹತ್ತಿರ ಹೋಗಿ ಹಲಗೆಗೆ ಕೈ ಹಾಕಿದ್ದೆ. ಏರಿಯ ಮೇಲೆ ನರ್ಸಮ್ಮ ಬರುತ್ತಿದ್ದಳು. ಮೊನ್ನೆ ನಾನು ಅಷ್ಟು ಬೈದಿದ್ದೆನಲ್ಲ, ಅದರ ಸುಳಿವೇ ಮುಖದಲ್ಲಿ ಇರಲಿಲ್ಲ. ಕೈಯಲ್ಲಿ ಒಂದು ಗಾಜಿನ ಪಟ್ಟಿ. ಮನೆಯಲ್ಲಿ ತಾನೇ ರಕ್ತ ತೆಗೆದು ನೋಡಿದ್ದಳಂತೆ, ತಟ್ಟೆಯದಲ್ಲ, ದಡದ್ದು. ಹನಿ ಗಟ್ಟಿಯಾಗಿ ಅಂಟಿತ್ತು.

"ಸರಿ ಇದೆ ಅಲ್ವಾ ಅಕ್ಕ? ನೀವು ಒಂದ್ಸಲ ನೋಡಿಬಿಡಿ. ನನ್ನ ಹೊಂಡದಲ್ಲಿ ನೀರು ತುಂಬ ಇಳಿದಿದೆ, ಪೇಷೆಂಟ್‌ಗಳು ಒದ್ದಾಡ್ತಿದ್ದಾವೆ. ಇವತ್ತು ತೂಬು ಎತ್ತಿ ಒಳಗೆ ಬಿಟ್ಕೊಳ್ಳಲಾ?"

ನಾನು ಗಾಜು ನೋಡಿದೆ. ಒಳ್ಳೆಯ ರಕ್ತ. ಏನು ಕೋಪ ಬಂತು ಆ ಹನಿಯ ಮೇಲೆ! ನನ್ನ ಹೊಂಡದಲ್ಲಿ ಹುಡುಕಿದರೂ ಇನ್ನು ಅಂಥದೊಂದು ಹನಿ ಸಿಗುವುದಿಲ್ಲ. ಆ ಮುದುಕಿಯಾದರೂ ಸುಮ್ಮನೆ ನೀರು ಬಿಟ್ಟುಕೊಳ್ಳಬಾರದೇ? ನನ್ನನ್ನು ಯಾಕೆ ಕೇಳಬೇಕು? ಕೇಳದೆ ಎತ್ತಿದ್ದರೆ ಅವಳ ತಪ್ಪು, ಅವಳ ಹಣೆಬರಹ. ಕೇಳಿಬಿಟ್ಟಳು. ಕೇಳಿದ ಮೇಲೆ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು.

"ಬೇಡ," ಎಂದೆ. "ತೂಬು ಮುಟ್ಟಬೇಡ."

"ಯಾಕಕ್ಕ? ನಿಮ್ಮಣ್ಣಂದಾ?"

ಅವಳನ್ನು ಅಲ್ಲೇ ಬಿಟ್ಟು ನೆಟ್ಟಗೆ ಅಣ್ಣನ ಮನೆಗೆ ಹೋದೆ. ದಾರಿಯಲ್ಲಿ ಮೀಸೆ ಚೀಲ ಹೊತ್ತು ಎದುರು ಬಂದ, ವಾಪಸ್ ಹೋಗು ಎಂದೆ. ಏನೋ ಗೊಣಗಿದ. ಇನ್ನೊಂದು ಮಾತಾಡಿದರೆ ಆ ಚೀಲದಲ್ಲಿ ನಿನ್ನನ್ನೇ ಹಾಕಿ ಕಟ್ಟುತ್ತೇನೆ ಎಂದೆ.

ಅಪ್ಪ ಸತ್ತ ಮೇಲೆ ಆ ಮೆಟ್ಟಿಲು ಹತ್ತಿದ್ದು ಇವತ್ತೇ. ಅಣ್ಣ ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ಹಿಂದೆ ತಂತಿಯ ಮೇಲೆ ಟವಲು. ಒಗೆದು ಒಣಹಾಕಿದ್ದ. ಅತ್ತಿಗೆ ನನ್ನನ್ನು ನೋಡಿ ಪಾತ್ರೆ ಕೆಳಗಿಟ್ಟು, ಇನ್ನೇನು ಗ್ರಹಚಾರವೋ ಎಂಬಂತೆ ಓಡಿಬಂದು ನಡುವೆ ನಿಂತಳು. ಅವಳನ್ನು ಪಕ್ಕಕ್ಕೆ ಸರಿಸಿದೆ.

"ಆ ಟವಲ್ ಕೊಡು," ಎಂದೆ ಅವನಿಗೆ.

ಅಣ್ಣ ಸೂಜಿ ನಿಲ್ಲಿಸಿದ. ನನ್ನನ್ನು ನೋಡಿದ. ಎಷ್ಟು ನರೆತಿದ್ದಾನೆ! ಏರಿಯಾಚೆಯಿಂದ ಗೊತ್ತೇ ಆಗಿರಲಿಲ್ಲ.

"ಯಾರ ತೂಬಿಗೆ?"

"ನಂದಕ್ಕೆ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಲು ತಯಾರಾಗಿಯೇ ಹೋಗಿದ್ದೆ. ಬೈಯಲಿಲ್ಲ. ಎದ್ದು ಟವಲು ತೆಗೆದುಕೊಂಡು ತಾನೇ ಮುಂದೆ ನಡೆದ. ನಾನು ಹಿಂದೆ. ನನ್ನ ತೂಬಿನ ಕಂಬಕ್ಕೆ ಅವನೇ ಕಟ್ಟಿದ. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅಣ್ಣ ಗಂಟು ಹಾಕಿದ್ದು ಸಡಿಲ, ಅವನಿಗೆ ಚಿಕ್ಕಂದಿನಿಂದ ಒಂದು ಗಂಟು ನೆಟ್ಟಗೆ ಹಾಕಲು ಬರುವುದಿಲ್ಲ. ಅವನು ಹೋದ ಮೇಲೆ ಬಿಚ್ಚಿ ಗಟ್ಟಿಯಾಗಿ ಕಟ್ಟಿದೆ.

ಮಾರ್ಚ್ ೧೭, ಮಂಗಳವಾರ

ಕೈಬಲೆಗೆ ಸಿಕ್ಕಷ್ಟು ಹಿಡಿದೆವು. ಕರೆಯದಿದ್ದರೂ ಅಣ್ಣ ಬಲೆ ತಂದು ನೀರಿಗಿಳಿದಿದ್ದ. ನಾನು ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಆಮೇಲೆ ರೋಗ ಅಲ್ಲೇ ಸಾಯಲಿ ಎಂದು ಬ್ಲೀಚಿಂಗ್ ಪುಡಿ ಸುರಿದೆವು. ಉಳಿದವೆಲ್ಲ ತಳದಿಂದ ಮೇಲೆದ್ದು ಬಂದವು, ಹೊಂಡದ ತುಂಬ. ಅಷ್ಟೊಂದು ಇದ್ದವು.

ಹೋಗುವಾಗ ಅಣ್ಣ ಬಲೆಯನ್ನೂ ಕಾಲನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದುಕೊಂಡು ಹೋದ. ಅದನ್ನೂ ಹೇಳಿಸಿಕೊಳ್ಳದೆ ಮಾಡಿದ, ಆಶ್ಚರ್ಯ.

ಮಾರ್ಚ್ ೧೯, ಗುರುವಾರ

ಸಿರಿಂಜ್, ಗಾಜು ತೆಗೆದುಕೊಂಡು ಅಣ್ಣನ ಹೊಂಡಕ್ಕೆ ಹೋದೆ. ಅವನು ಕರೆಯಲಿಲ್ಲ. ಕರೆಯುವವರೆಗೆ ಕಾದರೆ ಈ ಜನ್ಮ ಸಾಲದು. ನಾನು ಬಿಟ್ಟ ನೀರು ಎಲ್ಲಿಗೆ ಹೋಯಿತು ಎಂದು ನೋಡಲೇಬೇಕಿತ್ತು.

ಅಣ್ಣ ತಟ್ಟೆ ಎತ್ತಲು ಹೋದ. "ಅದು ಬೇಡ, ದಡದ್ದು ಹಿಡಿ," ಎಂದೆ. ಹುಲ್ಲಿನ ಬುಡಕ್ಕೆ ಕೈಹಾಕಿ ಮೆತ್ತಗಿದ್ದ ಒಂದನ್ನು ಹಿಡಿದು ಕೊಟ್ಟ. ಸೀಗಡಿಯ ಮೀಸೆಯನ್ನೂ ಕೊಡುವುದಿಲ್ಲ ಎಂದಿದ್ದವನು. ನನ್ನ ಸೂಜಿ ಎರಡು ಸಲ ಸಂದಿ ತಪ್ಪಿ ಚಿಪ್ಪಿಗೆ ತಾಗಿತು. ಅವನು ಸೀಗಡಿಯ ಜೊತೆಗೆ ನನ್ನ ಮಣಿಕಟ್ಟನ್ನೂ ಹಿಡಿದುಕೊಂಡ.

ಹನಿ ಗಾಜಿನ ಮೇಲೆ ಕೂತಿತು. ಮೂವರೂ ಅದನ್ನೇ ನೋಡುತ್ತ ನಿಂತೆವು, ಅತ್ತಿಗೆ ಸೆರಗು ಕಚ್ಚಿಕೊಂಡು. ಓರೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಅಣ್ಣನೇ ಗಾಜಿನ ತುದಿ ಹಿಡಿದು ಎತ್ತಿದ.

ಜಾರಲಿಲ್ಲ.

ಇನ್ನೂ ಓರೆ ಮಾಡಿದ. ಪೂರ್ತಿ ಮಗುಚಿದ. ಹಾಳಾದ್ದು, ತಲೆಕೆಳಗಾಗಿಯೂ ಅಂಟಿಕೊಂಡೇ ಇತ್ತು. ಇನ್ನೊಂದು ಸೀಗಡಿ, ಮತ್ತೊಂದು. ಎಲ್ಲವೂ ಹಾಗೆಯೇ. ನನ್ನ ಕಣ್ಣಲ್ಲಿ ನೀರು ಬಂತು. ಬ್ಲೀಚಿಂಗ್ ಪುಡಿಯ ಘಾಟು ಇನ್ನೂ ಹೋಗಿಲ್ಲ.

"ಏನು?" ಎಂದ ಅಣ್ಣ. ನನ್ನನ್ನೇ ಕೇಳಿದ.

"ಪೊರೆ ಬಿಡ್ತಿವೆ ಅಷ್ಟೆ," ಎಂದೆ. "ಏನಾಗಿಲ್ಲ."

ಅತ್ತಿಗೆ ಅಭ್ಯಾಸಬಲದಿಂದ ಅವನ ಕಡೆ ತಿರುಗಿದಳು. "ಪೊರೆ ಬಿಡ್ತಿವೆಯಂತೆ, ಏನೂ..."

"ಕೇಳಿಸ್ತು ಕಣೇ," ಎಂದ ಅಣ್ಣ.